ಶಾಲೆಯ ಕಟ್ಟೆಗೆ ಬಂದ ಗಂಗವ್ವ

ಹೊಳೆಮಡ್ಡಿಯಲ್ಲಿ ಕಾಶೆವ್ವನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬಳು ಅವಳ ಅತ್ತೆ ಬಾಳವ್ವ, ಇನ್ನೊಬ್ಬಳು ಘಟಪ್ರಭಾ ಹೊಳೆ.

ಹೊಳೆ ಯಾರಿಗೂ ಹೆದರುವವಳಲ್ಲ ಎಂಬುದು ಹಿಂದಿನ ಮಹಾಪೂರದಲ್ಲೇ ಗೊತ್ತಾಗಿತ್ತು. ಆ ಸಲ ಕೆಳಗಿನ ಓಣಿಯವರೆಲ್ಲ ಮಾಳಿಗೆ ಏರಿ ಕೂತು, ಗೋಕಾಕದ ಕಡೆಯಿಂದ ದೋಣಿ ಬರುವುದನ್ನು ಕಾದಿದ್ದರು. ದೋಣಿ ಎಷ್ಟೋ ಊರುಗಳಿಗೆ ಹೋಗಬೇಕಿತ್ತು. ಇವರ ಪಾಳಿ ಬರುವಷ್ಟರಲ್ಲಿ ಮಕ್ಕಳು ಅತ್ತು ಅತ್ತು ಸುಮ್ಮನಾಗಿದ್ದವು. ಕೆಳಗೆ ಕಾಶೆವ್ವನ ಹಿಟ್ಟಿನ ಗಿರಣಿ ಮೋಟಾರಿನ ಸಮೇತ ಕೆಸರು ಕುಡಿಯುತ್ತಿತ್ತು. ನೀರು ಇಳಿಯಿತು, ಗೋಡೆಗಳಿಗೆ ಸುಣ್ಣ ಬಿತ್ತು, ಗಿರಣಿ ಮತ್ತೆ ಶುರುವಾಯಿತು, ಜನ ಮರೆತರು. ಕಾಶೆವ್ವ ಮರೆಯಲಿಲ್ಲ. ಜೋಳ ಬೀಸಿಸಲು ಬಂದವರಿಗೆಲ್ಲ ಅವಳದು ಒಂದೇ ಮಾತು: "ನಮ್ಮೂರಾಗ ನಮ್ಮದ ಒಂದ ದೋಣಿ ಇರಬೇಕ. ಮಾಳಗಿ ಮ್ಯಾಲ ಕುಂತ ಮತ್ತೊಬ್ಬರ ದಾರಿ ಕಾಯೂದು ಇನ್ನ ನನ್ನ ಕೈಲೆ ಆಗೂದಿಲ್ಲ."

ಹಾಗಾಗಿ ಈ ವರ್ಷ ಮಳೆಗಾಲಕ್ಕೆ ಮೊದಲು ಹೊಳೆದಂಡೆಯ ಊರುಗಳಲ್ಲಿ ಸ್ವಯಂಸೇವಕರ ತಂಡ ಕಟ್ಟಿ, ಆಪತ್ತಿನಲ್ಲಿ ಏನು ಮಾಡಬೇಕೆಂದು ಕಲಿಸುತ್ತಾರೆಂದು ಗೊತ್ತಾದಾಗ ಮೊದಲು ಕೈ ಎತ್ತಿದವಳು ಅವಳೇ. ಕಲಿಸಲು ಬಂದವಳು ಅಂಕಲಗಿಯ ನಂದಿನಿ. ಗೃಹರಕ್ಷಕ ದಳದ ಹುಡುಗಿ. ಖಾಕಿ ಪ್ಯಾಂಟು, ನಗುಮುಖ, ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳುವ ಗುಣ. ಖಾಲಿ ಎಣ್ಣೆ ಡಬ್ಬಿಗಳನ್ನು ಹಗ್ಗಕ್ಕೆ ಬಿಗಿದು ತೇಲುವಂತೆ ಮಾಡುವುದು, ಎರಡು ಬಿದಿರಿನ ಗಳಗಳಿಗೆ ಕೌದಿ ಸುತ್ತಿ ನಡೆಯಲಾರದವರನ್ನು ಹೊರುವುದು, ನೀರು ಕುಡಿದವನ ಎದೆ ಒತ್ತುವುದು, ಎಲ್ಲ ಕಲಿಸಿದಳು. ಎದೆ ಒತ್ತಲು ತಂದಿದ್ದ ಗೊಂಬೆಯನ್ನು ಕಾಶೆವ್ವ ರೊಟ್ಟಿಯ ಹಿಟ್ಟು ನಾದಿದಂತೆ ನಾದತೊಡಗಿದಾಗ ನಂದಿನಿ ಅವಳ ಕೈ ಹಿಡಿದಳು.

"ಅಕ್ಕಾರ, ಅಂವ ಬದುಕಬೇಕ್ರಿ. ತಟ್ಟಿ ಹಂಚಿನ ಮ್ಯಾಲ ಹಾಕೂದಲ್ಲ."

ತಂಡದ ಮುಂದಾಳು ಯಾರೆಂಬುದಕ್ಕೆ ಚರ್ಚೆಯೇ ನಡೆಯಲಿಲ್ಲ. ಓಣಿಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಕೇಳಿಸುವ ಗಂಟಲು ಕಾಶೆವ್ವನದೊಂದೇ. ಟ್ರ್ಯಾಕ್ಟರಿನ ಉಮೇಶ, ಆಶಾ ಕಾರ್ಯಕರ್ತೆ ಶೋಭಾ, ಮೀನು ಹಿಡಿಯುವ ಲಗಮಪ್ಪ, ಇನ್ನೂ ಕೆಲವರು ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಅವಳ ಹಿಂದೆ ನಿಂತರು.

ಕಡೆಯ ದಿನ ನಂದಿನಿ ಮುಖ್ಯವಾದ ಮಾತು ಹೇಳಿದಳು. ಈ ಕಡೆಯ ಊರುಗಳಿಗೆ ಸದ್ಯಕ್ಕೆ ಸಿಗುವುದು ಒಂದೇ ರಬ್ಬರ್ ದೋಣಿ. ಅದು ಹೊಳೆಮಡ್ಡಿಗೋ, ಕೆಳಗಿನ ಅಡಿಹಾಳಕ್ಕೋ? ಎರಡೂ ಊರಿನಲ್ಲಿ ಡ್ರಿಲ್ ಮಾಡಿ ನೋಡುತ್ತಾರೆ. ಸೈರನ್ ಕೂಗಿದ ಮೇಲೆ ಯಾವ ಊರಿನ ಜನ ಚೆನ್ನಾಗಿ ಮೇಲಕ್ಕೆ ಹೋಗುತ್ತಾರೋ, ಯಾವ ತಂಡ ಒಂದಾಗಿ ಕೆಲಸ ಮಾಡುತ್ತದೋ, ದೋಣಿ ಆ ತಂಡದ ವಶಕ್ಕೆ.

"ಅಂದ್ರ ದೋಣಿ ನಮ್ಮದಾತ" ಎಂದಳು ಕಾಶೆವ್ವ.

ಡ್ರಿಲ್ ನಡೆದದ್ದು ಶ್ರಾವಣದ ಒಂದು ಬೆಳಗ್ಗೆ. ಹೊಳೆ ತುಂಬಿತ್ತು, ಆದರೆ ದಂಡೆ ದಾಟಿರಲಿಲ್ಲ. ಕಾಶೆವ್ವ ಮತ್ತು ನಂದಿನಿ ಊರ ಮೇಲಿನ ದಿಬ್ಬದಲ್ಲಿ, ಮಡ್ಡಿಯ ಮೇಲಿನ ಶಾಲೆಯ ಅಂಗಳದಲ್ಲಿ ನಿಂತಿದ್ದರು. ಕೆಳಗೆ ಗಿರಣಿಯ ಮುಂದೆ ಉಮೇಶ ಕೈಯಿಂದ ತಿರುಗಿಸುವ ಸೈರನ್ ತಿರುಗಿಸಿದ. ಅದು ಇಡೀ ಊರನ್ನು ಎಬ್ಬಿಸಿ ಕೂಡಿಸುವಂತೆ ಕೂಗಿತು. ಇಬ್ಬರೂ ದಾರಿ ನೋಡಿದರು. ಒಂದು ಆಡು ಬಂತು. ಅದರ ಹಿಂದೆ ಯಾರೂ ಬರಲಿಲ್ಲ.

"ಎಲ್ಲಾರೂ ಒಮ್ಮೆಲೆ ಬರಾಕತ್ತಾರ ಕಾಣಸ್ತೈತಿ" ಎಂದಳು ಕಾಶೆವ್ವ. ಇನ್ನಷ್ಟು ಹೊತ್ತಾಯಿತು. ಆಡು ಶಾಲೆಯ ಗಿಡ ಮೇಯತೊಡಗಿತು. ಕಡೆಗೆ ಇಬ್ಬರೂ ಸರಸರನೆ ಕೆಳಗಿಳಿದರು. ಓಣಿಯಲ್ಲಿ ನರಪಿಳ್ಳೆ ಇಲ್ಲ. ಕದಗಳೆಲ್ಲ ತೆರೆದೇ ಇವೆ. ಗಿರಣಿ ದಾಟಿ ಹೊಳೆಯ ಕಡೆ ತಿರುಗಿದರೆ ಇಡೀ ಕೆಳಗಿನ ಓಣಿ ಅಲ್ಲಿತ್ತು. ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ತಾಟು ಹಿಡಿದು, ಹೊಳೆಯ ಮೆಟ್ಟಿಲ ಮೇಲೆ ಸಾಲು ಹಚ್ಚಿದ್ದರು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಬಳೆ, ಕುಪ್ಪಸದ ಖಣ. ಗಂಡಸರು ತೆಂಗಿನಕಾಯಿ ಒಡೆಯುತ್ತಿದ್ದರು. ಎಲ್ಲರಿಗಿಂತ ಮುಂದೆ, ನೀರಿನಲ್ಲಿ ಕಾಲಿಟ್ಟು ನಿಂತವಳು ಬಾಳವ್ವ.

ಹೊಳೆಮಡ್ಡಿಯ ರೂಢಿ ಅದು. ಗಂಗವ್ವ ಮೇಲೇರಿ ಬರುತ್ತಾಳೆಂದರೆ ಮೊದಲು ಅವಳ ಉಡಿ ತುಂಬಬೇಕು. ತುಂಬು ಗರ್ಭಿಣಿಯಂತೆ ಬಂದವಳಿಗೆ ಉಡಿ ತುಂಬದೆ ಮನೆಯ ಒಂದು ಚಮಚವನ್ನೂ ಕದಲಿಸುವಂತಿಲ್ಲ. ಸೈರನ್ ಎಂದರೆ ಹೊಳೆ ಬರುವ ಸುದ್ದಿ ಎಂದು ತಂಡದವರು ಮನೆಮನೆಗೆ ಹೋಗಿ ಹೇಳಿದ್ದರು. ಜನ ಅದನ್ನು ಚೆನ್ನಾಗಿಯೇ ನೆನಪಿಟ್ಟುಕೊಂಡಿದ್ದರು. ಸೈರನ್ ಕೂಗಿತು, ಉಡಿ ತುಂಬಲು ಹೊಳೆಗೇ ಬಂದರು.

ಸಾಲಿನಲ್ಲಿ ಕಿತ್ತಳೆ ಜಾಕೀಟು ತೊಟ್ಟ ಶೋಭಾ ಕೂಡ ತಾಟು ಹಿಡಿದು ನಿಂತಿದ್ದಳು.

"ನೀನೂ ಏನ?" ಎಂದಳು ಕಾಶೆವ್ವ.

"ನಮ್ಮತ್ತಿ ಕೈಯಾಗ ತಾಟ ಕೊಟ್ಟ ಬಿಟ್ರ ಅಕ್ಕಾ. ಒಲ್ಲೆ ಅಂತ ಹೆಂಗ ಅನ್ಲಿ?"

ಲಗಮಪ್ಪ ಎದೆಮಟ್ಟದ ನೀರಿನಲ್ಲಿದ್ದ. ಉಡಿಯ ಮೊರವನ್ನು ನಡುನೀರಿಗೆ ಬಿಟ್ಟು ಬರುವುದು ಅವನ ಮನೆತನಕ್ಕೆ ಬಂದ ಮಾನ. ಜಾಕೀಟು ತೊಟ್ಟೇ ಇಳಿದಿದ್ದ. "ಇದು ಭಾಳ ಚಲೋ ತೇಲ್ತೈತಿ ತಂಗೀ" ಎಂದು ಅಲ್ಲಿಂದಲೇ ಕೂಗಿ ಹೇಳಿದ.

ಆಮೇಲೆ ಕಾಶೆವ್ವನ ಬಾಯಿ ಬಿಚ್ಚಿತು. "ಹೊಳಿ ಬಂದ್ರ ಮ್ಯಾಲ ಹೋಗ್ರಿ ಅಂತ ಬಡಕೊಂಡ್ರ ಹೊಳಿ ಬಾಯಾಗ ಬಂದ ನಿಂತೀರಲ್ಲ, ತಲ್ಯಾಗ ಏನೈತಿ ನಿಮ್ಮದು, ಸಗಣಿಯೇನ? ಮುಳುಗಿ ಸಾಯ್ರಿ! ದೋಣಿ ಯಾಕ ಬೇಕ ನಿಮಗ, ಕಟ್ಟಿಗಿ ಸಾಕ!" ಬೈಗುಳ ಜನರನ್ನು ದಾಟಿ ತಂಡದ ಕಡೆ ತಿರುಗಿತು. ಶೋಭಾಳಿಗೆ ಬಿತ್ತು. ಏನೂ ತಪ್ಪು ಮಾಡದೆ ಸೈರನ್ ತಿರುಗಿಸಿದ ಉಮೇಶನಿಗೆ ಎಲ್ಲರಿಗಿಂತ ಹೆಚ್ಚು ಬಿತ್ತು. ಅವನು ಜಾಕೀಟು ಬಿಚ್ಚಿ ಗಿರಣಿಯ ಕದಕ್ಕೆ ತೂಗುಹಾಕಿದ.

"ನೀವ ತಿರುವ್ಕೋರಿ ಕಾಕೂ ನಿಮ್ಮ ಸೈರನ್ನ. ನನಗ ನಮ್ಮವ್ವನ ಬೈಗಳಾನ ಸಾಕಷ್ಟ ಅದಾವ."

ಶೋಭಾಳ ಜಾಕೀಟೂ ಅದರ ಪಕ್ಕಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಕದದ ತುಂಬ ಜಾಕೀಟು, ತಂಡದಲ್ಲಿ ಲಗಮಪ್ಪನೊಬ್ಬ. ಅವನದು ಇನ್ನೂ ಒಣಗಿರಲಿಲ್ಲ ಅಷ್ಟೆ.

ನಂದಿನಿ ಹೊರಡುವಾಗ ಮೆಲ್ಲಗೆ ಹೇಳಿದಳು: "ಅಕ್ಕಾರ, ಅಡಿಹಾಳದಾಗ ಚಲೋ ಆಗೇತ್ರಿ. ಖರೆ ಹೇಳ್ತೇನಿ, ದೋಣಿ ಅವರಿಗೇ ಹೋಗ್ತೈತಿ. ಆದ್ರೂ ಬರೂ ರವಿವಾರ ದೋಣಿ ತಗೊಂಡ ನಿಮ್ಮೂರಿಗೆ ಮತ್ತೊಮ್ಮೆ ಬರ್ತೇನಿ. ಒಂದ ಸಲ. ಮಂದೀನ ಮ್ಯಾಲ ಕರಕೊಂಡ ಬರ್ರಿ."

ಅಂದು ಸಂಜೆ ಕಾಶೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸದ್ದು ಮೂರು ಮನೆಗೆ ಕೇಳಿಸುತ್ತಿತ್ತು. ಗಂಡ ಪರಪ್ಪ ಊಟ ಮುಗಿಸಿ, ಎಮ್ಮೆಗೆ ಮೇವು ಹಾಕುವ ನೆಪದಿಂದ ಎದ್ದುಹೋದ. ಅತ್ತೆ ಮಾತ್ರ ಅಲ್ಲೇ ಕೂತಿದ್ದಳು.

"ರೊಟ್ಟಿ ಏನ ಮಾಡೇತಿ ನಿಂಗ? ನನಗ ಬೈಯೂದಿದ್ರ ನನಗ ಬೈ."

"ಬೈದ್ರ ಕೇಳ್ತೀಯೇನ ನೀ? ಮನಿ ಮುಳಗಾಕತ್ತಾಗ ಬಳಿ, ಖಣ ಹುಡುಕ್ಕೊಂತ ಕೂಡ್ತೀಯಲ್ಲ ಅತ್ಯಾ, ನೀರ ನಿನ್ನ ದಾರಿ ಕಾಯ್ತೈತೇನ?"

"ಬಂದಾಕಿಗೆ ಒಂದ ಉಡಿ ಅಕ್ಕಿ ಹಾಕಲಾರದ ಓಡಿಹೋಗಾಕ ನಾವೇನ ಕಳ್ಳರೇನ?" ಎಂದಳು ಬಾಳವ್ವ. "ಬೀಗರು ಬಾಗಲಾಗ ಬಂದ್ರ ಹಿತ್ತಲ ಬಾಗಲಲಿಂದ ಓಡ್ತೀಯಾ? ಹೋಗೂದು ಬ್ಯಾಡ ಅನ್ನಂಗಿಲ್ಲ ನಾ. ಉಡಿ ತುಂಬಿ ಹೋಗೂಣು ಅಂತೇನಿ."

ಕಾಶೆವ್ವ ಒಲೆ ಬಿಟ್ಟು ಅತ್ತೆಯ ಕಡೆ ತಿರುಗಿ ಕೂತಳು. ರೊಟ್ಟಿ ಹಂಚಿನ ಮೇಲೆ ಉಬ್ಬಿ, ಸೀದು, ಹೊಗೆಯಾಯಿತು. ಅತ್ತೆ ಹೋಗುವುದಿಲ್ಲ ಎಂದಿರಲಿಲ್ಲ. ಓಣಿಯ ಯಾರೊಬ್ಬರೂ ಎಂದಿರಲಿಲ್ಲ.

"ಅತ್ಯಾ, ನಮ್ಮ ಮಗಳ ಪೂನಮ್‌ನ ಮದವ್ಯಾಗ ಗಂಗೀ ಪೂಜಿ ಎಲ್ಲಿ ಮಾಡಿದಿ?"

"ಹಂದರದಾಗ. ಮತ್ತೆಲ್ಲಿ ಮಾಡ್ತಾರ?"

"ಹೊಳಿ ಹಂದರದಾಗ ಹೆಂಗ ಬಂತು?"

"ಕೊಡ ತುಂಬಿ ತಂದಿದ್ದೆ. ನಾನ ಹೊತ್ತ ತಂದಿದ್ದೆ, ನೀ ಹಿಂದ ದೀಪಾ ಹಿಡಕೊಂಡ ಬಂದಿದ್ದಿ. ಮರತಿಯೇನ?"

"ಹಂಗಾದ್ರ ಸಾಲಿ ಕಟ್ಟಿಗೆ ಹೊತ್ತ ತಾ. ಅಲ್ಲೇ ಕೂಡಸು. ಅಲ್ಲೇ ಉಡಿ ತುಂಬು."

ಬಾಳವ್ವ ಬಾಯಲ್ಲಿಟ್ಟ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಒಪ್ಪಿಬಿಟ್ಟರೆ ಸೊಸೆ ಗೆದ್ದಂತಾಗುತ್ತದೆ. ಒಪ್ಪದಿರಲು ದಾರಿಯೂ ಕಾಣುತ್ತಿಲ್ಲ. ಸುಮಾರು ಹೊತ್ತು ಅಗಿದು, ಎದ್ದು ಹೊರಗೆ ಹೋಗಿ ಉಗುಳಿ ಬಂದು ಹೇಳಿದಳು: "ಕೊಡಾ ನಾನ ಹೊರಾಕಿ. ತಾಮ್ರದ್ದ ಬೇಕ, ಪ್ಲಾಸ್ಟಿಕ್ ನಡ್ಯಂಗಿಲ್ಲ. ಮತ್ತ ಆ ನಿನ್ನ ಊಂ ಊಂ ಮಷಿನ್ ನನ್ನ ಹಿಂದ ಬರಬೇಕ, ಮುಂದ ಅಲ್ಲ."

ಹೆಂಗಸರನ್ನು ಒಪ್ಪಿಸುವ ಕೆಲಸ ಅಲ್ಲಿಗೆ ಮುಗಿದಂತೆಯೇ. ಬಾಳವ್ವ ಹೂಂ ಎಂದರೆ ಓಣಿಯ ಸೆರಗುಗಳೆಲ್ಲ ಹೂಂ ಎಂದ ಹಾಗೆ. ಕಷ್ಟದ ಕೆಲಸ ಕದಕ್ಕೆ ತೂಗಿದ ಜಾಕೀಟುಗಳದು. ಕಾಶೆವ್ವ ಹುಟ್ಟಿದಂದಿನಿಂದ ಯಾರಿಗೂ ತಪ್ಪಾಯಿತು ಎಂದವಳಲ್ಲ. ಮರುದಿನ ಜಾಕೀಟುಗಳನ್ನು ತೋಳಿನ ಮೇಲೆ ಹಾಕಿಕೊಂಡು, ಒಗೆದ ಬಟ್ಟೆ ಮುಟ್ಟಿಸುವವಳ ಹಾಗೆ ಮನೆಮನೆಗೆ ಹೋದಳು. ಶೋಭಾ ಒಂದೇ ಮಾತಿಗೆ ತೆಗೆದುಕೊಂಡಳು. ಉಮೇಶ ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನೋ ತಿರುಪುತ್ತಿದ್ದ. ಹೊರಗೆ ಬರಲೇ ಇಲ್ಲ.

"ಯಾರ್ರಿ ಅದು?" ಎಂದ, ಕಾಲು ನೋಡಿಯೇ ಗೊತ್ತಾಗಿದ್ದರೂ.

"ನಾ. ನಿಮ್ಮ ಮನಿ ಜ್ವಾಳ ಈ ವಾರ ಮೊದಲ ಬೀಸಿ ಕೊಡ್ತೇನಿ. ಪಾಳಿ ಹಚ್ಚೂದು ಬ್ಯಾಡ."

"ಮತ್ತ?"

"ಮತ್ತೇನ ಮತ್ತ? ಹಿಟ್ಟ ಸಣ್ಣಗ ಬೀಸ್ತೇನಿ."

ಟ್ರ್ಯಾಕ್ಟರಿನ ಕೆಳಗೆ ನಗು ಕೇಳಿಸಿತು. "ಕಾಕೂ, ಇದ ನೀವು ತಪ್ಪಾತು ಅನ್ನೂ ರೀತಿಯೇನ್ರಿ?"

"ಹೊರಗ ಬಾ, ಹೇಳ್ತೇನಿ" ಎಂದಳು ಕಾಶೆವ್ವ. ಗ್ರೀಸು ಬಳಿದ ಒಂದು ಕೈ ಹೊರಗೆ ಬಂದು ಜಾಕೀಟು ಎಳೆದುಕೊಂಡಿತು.

ರವಿವಾರದ ಡ್ರಿಲ್ಲಿಗೆ ಎಲ್ಲ ತಯಾರಾಯಿತು. ಹೊಳೆ ಮಾತ್ರ ರವಿವಾರದವರೆಗೆ ಕಾಯಲಿಲ್ಲ.

ಶನಿವಾರ ಮುಂಜಾನೆ ನಂದಿನಿಯ ಫೋನು ಬಂತು. ಹುಕ್ಕೇರಿ ಕಡೆ ಬಿಡದೆ ಮಳೆ, ಹಿಡಕಲ್ ಡ್ಯಾಮಿನಿಂದ ನೀರು ಹೆಚ್ಚು ಬಿಟ್ಟಿದ್ದಾರೆ, ಧುಪದಾಳ ದಾಟಿ ಮಧ್ಯಾಹ್ನದೊಳಗೆ ನಿಮ್ಮಲ್ಲಿಗೆ ಬರುತ್ತದೆ, ಈಗಲೇ ಖಾಲಿ ಮಾಡಿ. "ಇದು ಡ್ರಿಲ್ ಅಲ್ರಿ ಅಕ್ಕಾರ. ಖರೇನ ಬಂತು."

ಕಾಶೆವ್ವ ಗಿರಣಿಯ ಸ್ವಿಚ್ಚು ಆರಿಸಿ ಮನೆಗೆ ಓಡಿದಳು. ಅವಳು ಬಾಯಿ ತೆರೆಯುವ ಮೊದಲೇ ಬಾಳವ್ವ ತಾಮ್ರದ ಕೊಡ ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದ್ದಳು. ಫೋನಿನ ಮಾತು ಓಣಿಯಲ್ಲಿ ಕಾಶೆವ್ವನಿಗಿಂತ ಮುಂದೆ ಓಡಿತ್ತು.

"ತಿಕ್ಕೂದು ಸಾಕ ಅತ್ಯಾ!"

"ಕರ್ರಗಿನ ಕೊಡದಾಗ ಬರಾಕ ಆಕೀ ಏನ ನಿನ್ನ ಕೂಲಿ ಆಳೇನ? ಸರಿ."

ಲಗಮಪ್ಪ ಬಾಳವ್ವನ ತೋಳು ಹಿಡಿದು ಮೆಟ್ಟಿಲಿಗೆ ಇಳಿಸಿದ. ನೀರು ಆಗಲೇ ಬಣ್ಣ ತಿರುಗಿತ್ತು, ಕೆಮ್ಮಣ್ಣಿನ ಅಂಬಲಿಯಂತಿತ್ತು. ಮುದುಕಿ ಕೊಡ ಮುಳುಗಿಸಿ, ಎಲೆ ಇಟ್ಟು, ತೆಂಗಿನಕಾಯಿ ಕೂಡಿಸಿ ತಲೆಯ ಮೇಲೆ ಹೊತ್ತಳು. ಓಣಿಯ ನಡುವೆ ನಿಂತು ಅವಳು ಹೇಳಿದ್ದು ಇಷ್ಟೇ: "ಗಂಗವ್ವ ಸಾಲಿಗೆ ಹೊಂಟಾಳ. ನಾ ಕಟ್ಟಿ ಮುಟ್ಟೂದರಾಗ ಬಂದವರ ಉಡಿ ಆಕಿಗೆ ಮುಟ್ಟತೈತಿ. ಹಿಂದ ಉಳದವರದು ನಾ ಮುಟ್ಟಂಗಿಲ್ಲ."

ಆಮೇಲೆ ಉಮೇಶ ಅವಳ ಹಿಂದೆ ಸೈರನ್ ತಿರುಗಿಸಿದ. ಕದಗಳು ಪಟಪಟನೆ ತೆರೆದವು. ತಾಟುಗಳು ಹೊರಬಂದವು, ತಾಟುಗಳ ಹಿಂದೆ ಕೂಸುಗಳು, ಕೂಸುಗಳ ಹಿಂದೆ ಗಂಟು ಹೊತ್ತ ಗಂಡಸರು. ಎಮ್ಮೆ ಆಕಳುಗಳನ್ನು ಪರಪ್ಪ ಮತ್ತು ನಾಲ್ಕು ಮಂದಿ ಹಿಂದಿನ ದಾರಿಯಿಂದ ಹೊಡೆದುಕೊಂಡು ಹೋದರು. ಖಣ ಸಿಗಲಿಲ್ಲವೆಂದು ಟ್ರಂಕು ತಡಕುತ್ತ ಕೂತ ಒಬ್ಬಳನ್ನು ಕಂಡಾಗ ಕಾಶೆವ್ವನ ಗಂಟಲವರೆಗೆ ಬೈಗುಳ ಬಂತು. ನುಂಗಿದಳು. ತನ್ನ ತಾಟಿನಲ್ಲಿದ್ದ ಖಣ ಎತ್ತಿ ಅವಳ ಕೈಗೆ ಕೊಟ್ಟು, "ನಡಿ ನಮ್ಮವ್ವ, ನಡಿ" ಎಂದಳು. ಪಕ್ಕದಲ್ಲಿದ್ದ ಶೋಭಾ ಜ್ವರವೇನಾದರೂ ಬಂದಿದೆಯೇ ಎಂದು ಅವಳ ಮುಖ ನೋಡಿದಳು.

ಹಾಸಿಗೆ ಹಿಡಿದಿದ್ದ ಒಬ್ಬ ಮುದುಕನನ್ನು ಕೌದಿಯಲ್ಲಿ ಹೊತ್ತು ತಂದರು. "ಹೆಣಾ ಹೊತ್ತಂಗ ಹೊರಬ್ಯಾಡ್ರೋ, ನೆಟ್ಟಗ ಹಿಡೀರಿ" ಎಂದು ಅವನು ದಾರಿಯುದ್ದಕ್ಕೂ ಬೈದ. ಕಾಶೆವ್ವ ಮತ್ತು ಉಮೇಶ ಪ್ರತಿ ಮನೆಯ ಒಳಗೆ ಹೊಕ್ಕು ನೋಡಿ, ಖಾಲಿಯಾದ ಮನೆಯ ಕದಕ್ಕೆ ಕುಂಕುಮದ ಗೆರೆ ಎಳೆಯುತ್ತ ಬಂದರು. ಕಡೆಯ ಕದಕ್ಕೆ ಗೆರೆ ಎಳೆದಾಗ ಕೆಳಗಿನ ಮೆಟ್ಟಿಲುಗಳು ಕಾಣುತ್ತಿರಲಿಲ್ಲ. ಇಬ್ಬರೂ ಮಡ್ಡಿ ಏರುವಷ್ಟರಲ್ಲಿ ಬಾಳವ್ವ ಶಾಲೆಯ ಧ್ವಜದ ಕಟ್ಟೆಯ ಮೇಲೆ ಕೊಡ ಇಟ್ಟು, ಸಾಲಿನಲ್ಲಿ ಬಂದವರ ಉಡಿ ಒಪ್ಪಿಸುತ್ತಿದ್ದಳು. "ನೂಕಬ್ಯಾಡ್ರಿ, ಎಲ್ಲಾರದೂ ಮುಟ್ಟತೈತಿ. ಏ, ಆ ಕೊಬ್ಬರಿಗೆ ಬೂಸ್ಟ ಬಂದೈತಿ, ತಗಿ."

ಮಧ್ಯಾಹ್ನ ನೀರು ಓಣಿಯೊಳಗೆ ಬಂತು. ಎಲ್ಲರೂ ಕಾಂಪೌಂಡಿನ ಗೋಡೆಗೆ ನಿಂತು, ಯಾರ ಮನೆ ಎಷ್ಟು ಮುಳುಗಿತೆಂದು ಮೇಲಿನಿಂದ ನೋಡಿದರು. ಅಳುವವರು ಒಂದಿಷ್ಟು ಅತ್ತರು. ಆದರೆ ಒಳಗೆ ದೊಡ್ಡ ಪಾತ್ರೆಯಲ್ಲಿ ಅನ್ನ ಕುದಿಯುತ್ತಿತ್ತು, ಉಡಿಯ ಕೊಬ್ಬರಿ ಪ್ರಸಾದವಾಗಿ ಮಕ್ಕಳ ಬಾಯಿ ಸೇರಿತ್ತು, ಯಾರನ್ನೂ ಯಾರೂ ಹುಡುಕುತ್ತಿರಲಿಲ್ಲ. ಬಾಳವ್ವ ಕೊಡ ತಿಕ್ಕುವಷ್ಟರಲ್ಲೇ ಉಮೇಶ ಗಿರಣಿಯ ಮೋಟಾರನ್ನು ಬಿಚ್ಚಿ ಟ್ರಾಲಿಗೆ ಹಾಕಿ ಮೇಲೆ ಕಳಿಸಿದ್ದ. ಅದನ್ನು ಕಂಡು ಕಾಶೆವ್ವ ಹತ್ತಿರ ಹೋದಳು. ಸೆರಗಿನಿಂದ ಅದರ ಧೂಳು ಒರೆಸಿದಳು.

ಆ ಹೊತ್ತಿಗೆ ನಂದಿನಿ ಘಟಪ್ರಭಾ ಪೇಟೆಯ ಕಡೆಯ ಮೇಲಿನ ರಸ್ತೆಯಿಂದ ಪಿಕಪ್ ಗಾಡಿಯಲ್ಲಿ ದೋಣಿ ಹೇರಿಕೊಂಡು ಬಂದಳು. ಮಾಳಿಗೆಗಳ ಮೇಲೆ ಜನ ಕೂತಿರುತ್ತಾರೆ, ಒಬ್ಬೊಬ್ಬರನ್ನೇ ಇಳಿಸಬೇಕೆಂದು ಬಂದವಳು, ಊಟದ ಪಂಕ್ತಿ ನೋಡಿ ಬಾಗಿಲಲ್ಲೇ ನಿಂತಳು.

"ಎಲ್ಲಾರೂ ಬಂದಾರೇನ್ರಿ?"

"ಒಂದ ಆಡ ಸುದ್ದಾ ಉಳದಿಲ್ಲ" ಎಂದಳು ಕಾಶೆವ್ವ.

"ಮುಗೀತು ಬಿಡ್ರಿ ಅಕ್ಕಾರ. ದೋಣಿ ನಿಮ್ಮದ."

ಕಾಶೆವ್ವ ಹೋಗಿ ದೋಣಿಯನ್ನು ಮುಟ್ಟಿ ನೋಡಿದಳು. ದಪ್ಪ ಕಪ್ಪು ರಬ್ಬರು, ಮಳೆಗೆ ತೊಯ್ದು ಹೊಳೆಯುತ್ತಿತ್ತು. ಅದರ ಅಂಚನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿರುವಾಗಲೇ ನಂದಿನಿಯ ಫೋನು ಬಡಿದುಕೊಂಡಿತು. ಅಡಿಹಾಳದಿಂದ. ಊರು ಖಾಲಿಯಾಗಿತ್ತು, ಆದರೆ ಪಂಪ್‌ಸೆಟ್ ಬಿಚ್ಚಿ ತರುತ್ತೇವೆಂದು ನಾಲ್ಕು ಮಂದಿ ತಿರುಗಿ ಹೋಗಿ, ತೋಟದ ಶೆಡ್ಡಿನ ಮೇಲೆ ಸಿಕ್ಕಿಬಿದ್ದಿದ್ದರು. ಸುತ್ತ ನೀರು. ನಂದಿನಿ ಫೋನು ಇಳಿಸಿ ಕಾಶೆವ್ವನ ಮುಖ ನೋಡಿದಳು. ದೋಣಿ ನಿಮ್ಮದು ಎಂದು ಈಗಷ್ಟೇ ಹೇಳಿದ್ದಳು.

"ನನ್ನ ಮಾರಿ ಯಾಕ ನೋಡ್ತಿ? ಲಗಮಣ್ಣಾ, ಏರು! ಉಮ್ಯಾ, ಹಗ್ಗಾ ತಗೋ!" ಕಾಶೆವ್ವ ಅಷ್ಟರಲ್ಲಿ ಪಿಕಪ್ಪಿನ ಹಿಂಬದಿಗೆ ಏರಿದ್ದಳು. "ಚಲೋ ಡ್ರಿಲ್ ಮಾಡಿದವರಂತ! ನಡೀರಿ, ಚಲೋದವರ ಮಾರಿ ನೋಡೂಣು."

ಲಗಮಪ್ಪ ಹುಟ್ಟು ಹಾಕಿದ, ಉಮೇಶ ಮತ್ತು ಅಡಿಹಾಳದ ತಂಡದವರು ದಂಡೆಯಲ್ಲಿ ಹಗ್ಗ ಹಿಡಿದು ನಿಂತರು, ನಂದಿನಿ ದೋಣಿಯಲ್ಲಿ ಮುಂದೆ ಕೂತಳು. ಎರಡು ಸುತ್ತಿನಲ್ಲಿ ನಾಲ್ವರೂ ದಂಡೆಗೆ ಬಂದರು. ಒಬ್ಬನ ತೊಡೆಯ ಮೇಲೆ ಪಂಪ್‌ಸೆಟ್ ಇತ್ತು. ಬೆಳಗ್ಗೆಯಿಂದ ನುಂಗಿಟ್ಟ ಬೈಗುಳವೆಲ್ಲ ಕಾಶೆವ್ವನಿಗೆ ಅಲ್ಲಿ ಉಪಯೋಗಕ್ಕೆ ಬಂತು. "ಇದೇನ ನಿಮ್ಮ ಹಿರೇ ಮಗನೇನ, ತೊಡಿ ಮ್ಯಾಲ ಕುಂಡ್ರಿಸಿಕೊಂಡ ಬಂದೀರಿ? ಇದರ ಮಾರಿ ನೋಡಿ ನಿಮ್ಮ ಹೇಂತಿ ಹೊಟ್ಟಿ ತುಂಬ್ತೈತೇನ?" ನಾಲ್ವರೂ ತಲೆ ತಗ್ಗಿಸಿ ಕೇಳಿದರು. ಅಡಿಹಾಳದ ಹೆಂಗಸರಿಗೆ ಅದು ಬಹಳ ಹಿಡಿಸಿತು. ಇನ್ನೊಮ್ಮೆ ಹೇಳ್ರಿ ಎಂದರು.

ಬೈದು ಮುಗಿಸಿ ಕಾಶೆವ್ವ ಸುತ್ತ ನೋಡಿದಳು. ಅಡಿಹಾಳಕ್ಕೆ ಮಡ್ಡಿಯಿಲ್ಲ. ಒಂದು ಬದಿ ಹೊಳೆ, ಇನ್ನೊಂದು ಬದಿ ಹಳ್ಳ, ಹಳ್ಳ ಉಕ್ಕಿದರೆ ಹೋಗುವ ರಸ್ತೆಯೂ ಇಲ್ಲ. ಇವತ್ತು ಅವರು ಬೇಗ ಎದ್ದಿದ್ದರಿಂದ ದಾಟಿದ್ದರು. ಕಾಶೆವ್ವ ದೋಣಿಯ ಹಗ್ಗವನ್ನು ಕೈಯಲ್ಲಿ ಹಿಡಿದೇ ಇದ್ದಳು. ಆಮೇಲೆ ಅಲ್ಲಿದ್ದ ಬೇವಿನ ಮರಕ್ಕೆ ಅದನ್ನು ಕಟ್ಟಿ, ಗಂಟು ಎಳೆದು ನೋಡಿದಳು.

"ಅಕ್ಕಾರ, ಹೇರಬೇಕಲ್ರಿ ಅದನ್ನ" ಎಂದಳು ನಂದಿನಿ.

"ಇಲ್ಲೇ ಇರ್ಲಿ. ಹುಟ್ಟ ಹಾಕೂದು ಇವರಿಗೆ ಲಗಮಣ್ಣ ಕಲಿಸ್ತಾನ. ಪಂಪ್‌ಸೆಟ್ ಹೇರಿದ್ರ ಮಾತ್ರ ನಾ ಬಂದ ಬಿಚ್ಚಕೊಂಡ ಹೋಗ್ತೇನಿ, ಹೇಳಿರ್ತೇನಿ."

ಸಂಜೆಯ ಬೆಳಕಿರುವಾಗಲೇ ಶಾಲೆಗೆ ಮರಳಿದಳು. ಬಾಳವ್ವ ಕೊಡದ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಕಾಲು ಚಾಚಿ, ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ದೋಣಿ ಎಲ್ಲಿ?"

"ಅಡಿಹಾಳದಾಗ."

"ಬಿಟ್ಟ ಬಂದ್ಯಾ? ವರ್ಷಾನಗಟ್ಟಲೆ ದೋಣಿ ದೋಣಿ ಅಂತ ನನ್ನ ತಲಿ ತಿಂದಿ!"

"ಏನ ಮಾಡ್ಲಿ? ಅವರ ಊರಾಗ ನಿನ್ನಂಥಾ ಅತ್ತಿ ಇಲ್ಲ."

ಬಾಳವ್ವ ಸೊಸೆಯ ಮುಖವನ್ನು ಅನುಮಾನದಿಂದ ನೋಡಿದಳು. ಇದು ಬೈಗುಳವೋ ಹೊಗಳಿಕೆಯೋ ತಿಳಿಯದೆ, ಎರಡಕ್ಕೂ ಆಗಲಿ ಎಂಬಂತೆ ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು. ಕಾಶೆವ್ವ ಅಲ್ಲಿ ಕೂತು ಒದ್ದೆ ಸೀರೆಯ ಅಂಚು ಹಿಂಡಿದಳು. ಒಳಗಿನಿಂದ ಶೋಭಾ ಅನ್ನಕ್ಕೆ ಕರೆದಳು.

"ಬಂದೆ, ಬಂದೆ. ಹಂಗ್ಯಾಕ ಒದರ್ತಿ, ನನಗೇನ ಕಿವಿ ಕೇಳೂದಿಲ್ಲೇನ?" ಎಂದು ಕಾಶೆವ್ವ ಇಡೀ ಮಡ್ಡಿಗೆ ಕೇಳುವಂತೆ ಕೂಗಿದಳು.